ಬಿಲ್ಲಿನ ಕೆಳಗೆ ನಿಂತವರು

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಲಕ್ಷಾಂತರ ಜನ ಕಾಯುವುದು ಒಂದೇ ಒಂದು ಸಾಲಿಗೆ. ಡೆಂಕನ ಮರಡಿಯಲ್ಲಿ ಎರಡಾಳೆತ್ತರವನ್ನೂ ಮೀರಿದ ಬಿಲ್ಲನ್ನು ನೆಟ್ಟಗೆ ನಿಲ್ಲಿಸುತ್ತಾರೆ. ದಿನಗಟ್ಟಲೆ ಉಪವಾಸವಿದ್ದು, ಕಾರ್ಣಿಕ ಎಂಬ ದೈವವಾಣಿ ನುಡಿಯುವ ಗೊರವಯ್ಯ ಅದನ್ನು ಸರಸರನೆ ಏರುತ್ತಾರೆ. ತುದಿಯಲ್ಲಿ ನಿಂತು ಆಕಾಶ ನೋಡಿ ‘ಸದ್ದಲೇ’ ಎಂದು ಕೂಗಿದ ಕೂಡಲೇ ಡಮರು, ಪೀಪಿ, ಮಾತು, ಎಲ್ಲವೂ ಒಮ್ಮೆಗೇ ಅಡಗುತ್ತವೆ. ಒಂದು ಸಾಲು ನುಡಿದು ಅವರು ಕೈಬಿಡುತ್ತಾರೆ. ಇಳಿಯುವುದಲ್ಲ, ಬೀಳುವುದು. ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಮಾರನೆಯ ದಿನ ಆ ಸಾಲಿಗೆ ಮಳೆಯ ಅರ್ಥ, ಬೆಳೆಯ ಅರ್ಥ, ವಿಧಾನಸೌಧದ ಅರ್ಥ ಹುಟ್ಟಿಕೊಳ್ಳುತ್ತದೆ. ಹರಪನಹಳ್ಳಿಯ ಚಹಾದಂಗಡಿಯಲ್ಲೂ ಅದೇ ಮಾತು. ಹಿಡಿದ ಕೈಗಳ ಬಗ್ಗೆ ಮಾತ್ರ ಎಲ್ಲೂ ಒಂದಕ್ಷರ ಬರುವುದಿಲ್ಲ. ಏರುವುದು, ಬೀಳುವುದು, ಹಿಡಿಯುವುದು ಈ ಮೂರೂ ಸೇರಿ ಒಂದೇ ವಿಧಿ ಎಂಬುದು ನಮ್ಮ ಸೀಮೆಯ ಜನಕ್ಕೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಹಿಮಾಲಯದ ಎಂಟು ಸಾವಿರ ಮೀಟರಿನ ಶಿಖರವನ್ನೇರಿ, ಅಲ್ಲಿಂದ ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರಿ ಇಳಿಯುವುದನ್ನೇ ವೃತ್ತಿ ಮಾಡಿಕೊಂಡವರ ಬಗ್ಗೆ ಯೋಚಿಸುವಾಗ ನಾವು ಈ ಮೂರನೆಯದನ್ನು ಮರೆಯುತ್ತೇವೆ. ಅಂಥ ವೃತ್ತಿಯನ್ನು ಕಾಯಕ ಎನ್ನಬಹುದೇ, ಅಥವಾ ಅದು ಪ್ರಾಣದ ಜೊತೆ ಆಡುವ ಜೂಜೇ ಎಂಬ ಪ್ರಶ್ನೆಗೆ ಉತ್ತರ ಏರಿದವರ ಎದೆಗಾರಿಕೆಯಲ್ಲಿ ಸಿಗುವುದಿಲ್ಲ, ಅವರ ಭಕ್ತಿಯಲ್ಲೂ ಸಿಗುವುದಿಲ್ಲ. ಕೆಳಗೆ ನಿಂತವರ ಋಣವನ್ನು ಅವರು ಹೇಗೆ ತೀರಿಸುತ್ತಾರೆ ಎಂಬುದರಲ್ಲಿ ಸಿಗುತ್ತದೆ.

ಇದು ನಮಗೆ ಸಂಬಂಧವಿಲ್ಲದ ದೂರದ ವಿಷಯ ಎಂದು ತಳ್ಳಿಹಾಕುವ ಕಾಲ ಹೋಯಿತು. ಹುಬ್ಬಳ್ಳಿಯ ನಂದಿತಾ ನಾಗನಗೌಡರ 2016ರಲ್ಲಿ ಎವರೆಸ್ಟ್ ಏರಿದರು. ಕೊಡಗಿನ ತೆಕ್ಕಡ ಭವಾನಿ ಪರ್ವತಾರೋಹಣದ ತರಬೇತಿ ಪಡೆದು ಸ್ಕೀಯಿಂಗಿಗೆ ಹೊರಳಿ, ಹಿಮವೇ ಬೀಳದ ರಾಜ್ಯದಿಂದ ಹೋಗಿ ಗುಲ್ಮಾರ್ಗಿನ ಖೇಲೋ ಇಂಡಿಯಾ ಕೂಟದಲ್ಲಿ ಚಿನ್ನ ಗೆದ್ದು, 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ತಂದರು. ಭವಾನಿಯವರದು ಹಿಮದ ಬಯಲಿನ ಮೇಲಿನ ದೂರದ ಓಟ, ಶಿಖರದಿಂದ ಧುಮುಕುವುದಲ್ಲ, ಎರಡಕ್ಕೂ ಅಂತರವಿದೆ. ಶಿಖರದಿಂದ ಇಳಿಯುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಸ್ಲೊವೇನಿಯಾದ ದಾವೋ ಕಾರ್ನಿಚಾರ್ 2000ದ ಅಕ್ಟೋಬರ್ 7ರಂದು ಎವರೆಸ್ಟಿನ ತುದಿಯಿಂದ ಬೇಸ್ ಕ್ಯಾಂಪಿನವರೆಗೆ ಸ್ಕೀ ಬಿಚ್ಚದೆ ಇಳಿದರು. ಪೋಲೆಂಡಿನ ಆಂಜೆ ಬಾರ್ಗಿಯೆಲ್ 2018ರ ಜುಲೈನಲ್ಲಿ ಕೆ2 ಶಿಖರದಿಂದ ಇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಹಿಲರಿ ನೆಲ್ಸನ್ ತಮ್ಮ ಜೊತೆಗಾರ ಜಿಮ್ ಮಾರಿಸನ್ ಅವರೊಂದಿಗೆ ಲೋತ್ಸೆಯಿಂದ ಇಳಿದರು. ಎಂಟು ಸಾವಿರ ಮೀಟರಿನ ಮೇಲೆ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದ ಮೂರನೇ ಒಂದು ಪಾಲು. ಅಲ್ಲಿ ಹತ್ತಲು ಒಂದು ಹೆಜ್ಜೆಗೆ ನಾಲ್ಕಾರು ಉಸಿರು ಬೇಕು. ಹತ್ತಿ ಸುಸ್ತಾದ ಅದೇ ತೊಡೆಗಳು ಇಳಿಯುವಾಗ ಪ್ರತಿ ತಿರುವಿನಲ್ಲೂ ಇಡೀ ದೇಹದ ಭಾರವನ್ನು ಉಕ್ಕಿನ ಒಂದು ಅಂಚಿನ ಮೇಲೆ ತಡೆದು ನಿಲ್ಲಿಸಬೇಕು. ಆ ಅಂಚು ಒಮ್ಮೆ ಹಿಡಿತ ಬಿಟ್ಟರೆ ಎರಡನೆಯ ತಿರುವಿಲ್ಲ.

ಧರ್ಮದ ಕಡೆಯಿಂದ ಬರುವ ಮೊದಲ ಆಕ್ಷೇಪ ನೇರವಾದದ್ದು. ದೇಹ ನಮ್ಮದಲ್ಲ, ಕೊಟ್ಟವನದು. ಬೇಕೆಂದೇ ಅದನ್ನು ಸಾವಿನ ಬಾಯಿಗೆ ಒಡ್ಡುವುದು ಪಾಪ. ಈ ಮಾತಿನಲ್ಲಿ ತೂಕವಿದೆ. ಆದರೆ ಅದು ಸಾವನ್ನು ಬಯಸುವುದಕ್ಕೂ ಸಾವಿನ ಹತ್ತಿರ ಕೆಲಸ ಮಾಡುವುದಕ್ಕೂ ಇರುವ ಗೆರೆಯನ್ನು ಅಳಿಸಿಬಿಡುತ್ತದೆ. ನಮ್ಮ ಪುರಾಣಗಳಿಗೆ ಆ ಗೆರೆ ಚೆನ್ನಾಗಿ ಗೊತ್ತಿತ್ತು. ಪಾಂಡವರು ಹಿಮಾಲಯದತ್ತ ನಡೆದದ್ದು ಮಹಾಪ್ರಸ್ಥಾನ, ಅಂದರೆ ಮರಳದ ನಡಿಗೆ. ದ್ರೌಪದಿ ಮೊದಲ್ಗೊಂಡು ಒಬ್ಬೊಬ್ಬರೇ ಬಿದ್ದರೂ ಯಾರೂ ಯಾರನ್ನೂ ಎತ್ತಲಿಲ್ಲ. ಹಿಂದಿನ ಕಾಲದಲ್ಲಿ ಬೆಟ್ಟದ ತುದಿಯಿಂದ ಹಾರಿ ಮೋಕ್ಷ ಹುಡುಕಿದವರಿದ್ದರು. ಅದಕ್ಕೆ ಭೃಗುಪತನ ಎಂಬ ಹೆಸರೇ ಇತ್ತು. ಸ್ಕೀ ಕಟ್ಟಿದವರು ಈ ಎರಡು ಗುಂಪಿಗೂ ಸೇರಿದವರಲ್ಲ. ಅವರ ಕಸುಬಿನ ತಿರುಳೇ ಮರಳಿ ಬರುವುದು. ಹಿಮವನ್ನು ಅಗೆದು ಪದರ ಪದರವಾಗಿ ನೋಡುವುದು, ಮೇಲಿನ ಪದರ ಕೆಳಗಿನದಕ್ಕೆ ಅಂಟಿದೆಯೋ ಇಲ್ಲವೋ ಎಂದು ತಟ್ಟಿ ಪರೀಕ್ಷಿಸುವುದು, ಬಿಸಿಲೇರುವ ಮೊದಲು ಇಳಿಜಾರು ದಾಟುವುದು, ಅನುಮಾನ ಬಂದರೆ ತುದಿ ಕಣ್ಣಿಗೆ ಕಾಣುತ್ತಿದ್ದರೂ ಹಿಂದಿರುಗುವುದು ಸಾಯಹೊರಟವರ ಲಕ್ಷಣವಲ್ಲ, ಬದುಕನ್ನು ಲೆಕ್ಕ ಹಾಕಿ ನಡೆಸುವವರ ಲಕ್ಷಣ. ಎವರೆಸ್ಟಿನಿಂದ ಇಳಿದು ಬಂದ ಕಾರ್ನಿಚಾರ್ ಸತ್ತದ್ದು 2019ರಲ್ಲಿ, ತಮ್ಮ ಊರಿನಲ್ಲಿ, ಮರ ಕಡಿಯುವಾಗ. ಅಪಾಯ ಬೆಟ್ಟದಲ್ಲಷ್ಟೇ ಇದೆ ಎಂದುಕೊಂಡವರು ಈ ಸಂಗತಿಯನ್ನು ಪಕ್ಕಕ್ಕೆ ಸರಿಸುವುದು ಕಷ್ಟ.

ಲೆಕ್ಕವನ್ನು ಪೂರ್ತಿ ದೇವರಿಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆಯಿದೆ. ಮಾರಿಸ್ ವಿಲ್ಸನ್ ಎಂಬ ಇಂಗ್ಲಿಷ್ ಮನುಷ್ಯ ಉಪವಾಸ ಮತ್ತು ಪ್ರಾರ್ಥನೆಯಿಂದ ಎವರೆಸ್ಟ್ ಏರಬಹುದು ಎಂದು ನಂಬಿ, ಪರ್ವತಾರೋಹಣ ಕಲಿಯದೆ, ಪುಟ್ಟ ವಿಮಾನವೊಂದರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಾರಿ ಬಂದ. ಅಲ್ಲಿಂದ ಮುಂದೆ ವೇಷ ಮರೆಸಿಕೊಂಡು ಟಿಬೆಟ್ಟಿಗೆ ಹೋದ. 1934ರಲ್ಲಿ ಆ ಬೆಟ್ಟದ ಮೇಲೇ ಸತ್ತ. ಮರುವರ್ಷ ಹೋದ ತಂಡಕ್ಕೆ ಅವನ ದೇಹ ಸಿಕ್ಕಿತು. ವಿಲ್ಸನ್ನನ ಭಕ್ತಿಯನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಅನುಮಾನವಿರುವುದು, ಕಸುಬು ಕಲಿಯದ ಭಕ್ತಿಯನ್ನು ಕಾಯಕ ಎನ್ನಬಹುದೇ ಎಂಬುದರಲ್ಲಿ. ಮೈಲಾರದ ಗೊರವಯ್ಯನೂ ಉಪವಾಸವಿರುತ್ತಾರೆ. ಆದರೆ ಕೆಳಗೆ ಯಾರೂ ಇಲ್ಲದ ಬಿಲ್ಲನ್ನು ಅವರು ಏರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ, ಮತ್ತು ಅದು ನಮ್ಮ ಶರಣರ ನೆಲದಿಂದಲೇ ಬರುವಂಥದ್ದು. ಕಾಯಕ ಎಂದರೆ ಬರೀ ಶ್ರಮವಲ್ಲ. ಅದರಿಂದ ಬಂದದ್ದು ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕು. ಶಿಖರದಿಂದ ಜಾರಿ ಇಳಿದರೆ ಯಾರ ಹೊಟ್ಟೆ ತುಂಬಿತು? ಈ ಪ್ರಶ್ನೆಗೆ ‘ಸಾಹಸ ಮನುಷ್ಯನ ಸಹಜ ಗುಣ’ ಎಂಬ ಉತ್ತರ ಸಾಲದು. ಕಳ್ಳತನಕ್ಕೂ ಸಾಹಸ ಬೇಕು. ಆದರೆ ಉಪಯೋಗವೊಂದನ್ನೇ ಅಳತೆಗೋಲು ಮಾಡಿದರೆ ನಮ್ಮ ಜಾತ್ರೆಗಳೂ ಉಳಿಯುವುದಿಲ್ಲ. ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರನ್ನು ಸಾವಿರಾರು ಜನ ಮಿಣಿ ಹಿಡಿದು ಎಳೆಯುವುದರಿಂದ ಯಾವ ಸರಕೂ ಎಲ್ಲಿಗೂ ಸಾಗಣೆಯಾಗುವುದಿಲ್ಲ. 2017ರ ಫೆಬ್ರುವರಿಯಲ್ಲಿ ಆ ತೇರು ನಡುಬೀದಿಯಲ್ಲಿ ಉರುಳಿಬಿತ್ತು, ಜನ ಗಾಯಗೊಂಡರು. ಆಗ ಊರು ‘ಇನ್ನು ತೇರು ಬೇಡ’ ಎನ್ನಲಿಲ್ಲ. ಹಳೆಯ ತೇರಿನ ಸ್ಥಿತಿ ಹೇಗಿತ್ತು, ನೋಡಿಕೊಳ್ಳಬೇಕಾದವರು ನೋಡಿದ್ದರೇ ಎಂದು ಕೇಳಿತು. ಆಮೇಲೆ ಹೊಸ ತೇರು ಕಟ್ಟಿಸಿ ಎಳೆಯಿತು. ಇದೇ ಸರಿಯಾದ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ತೇರಿನ ಮುಂದೆ ಕುಣಿಯುವವರಿಗಿಂತ ಹೆಚ್ಚಿನ ಅಪಾಯ ಇರುವುದು ಗಾಲಿಗೆ ಮರದ ತುಂಡು ಕೊಟ್ಟು ಅದರ ದಿಕ್ಕು ತಿರುಗಿಸುವ ನಾಲ್ಕೈದು ಜನಕ್ಕೆ. ಅವರ ಕಾಲು ಗಾಲಿಗೆ ಒಂದು ಗೇಣು ದೂರದಲ್ಲಿರುತ್ತದೆ. ನಿಷ್ಪ್ರಯೋಜಕವಾದ ಸಂಭ್ರಮವನ್ನು ಮನುಷ್ಯ ಬಿಡಬೇಕಿಲ್ಲ. ಆದರೆ ಆ ಸಂಭ್ರಮದ ಗಾಲಿಯ ಹತ್ತಿರ ಯಾರು ಕೂತಿದ್ದಾರೆ ಎಂದು ನೋಡದೆ ಅದನ್ನು ಪುಣ್ಯವೆನ್ನಲಾಗದು.

ಇಲ್ಲಿ ಒಬ್ಬರು ಸಿಟ್ಟಿನಿಂದಲೇ ಎದ್ದು ನಿಲ್ಲಬಹುದು, ಮತ್ತು ಆ ಸಿಟ್ಟು ನ್ಯಾಯವಾದದ್ದು. ನಮ್ಮಲ್ಲಿ ಬಾವಿ ತೋಡುವವರು, ಕಲ್ಲು ಒಡೆಯುವವರು, ಮ್ಯಾನ್‌ಹೋಲಿಗೆ ಇಳಿಯುವವರು, ಸಂಡೂರಿನ ಗಣಿಯಲ್ಲಿ ದುಡಿದವರು ದಿನವೂ ಪ್ರಾಣ ಪಣಕ್ಕಿಟ್ಟಿದ್ದಾರೆ. ಅವರನ್ನು ಯಾರೂ ಸಾಧಕರೆಂದು ಕರೆದು ಹಾರ ಹಾಕಲಿಲ್ಲ. ಹೊಟ್ಟೆ ತುಂಬಿದವರ ಶೋಕಿಗೆ ಕಾಯಕದ ಹೆಸರು ಕೊಟ್ಟರೆ ಹಸಿದವರ ಕಾಯಕಕ್ಕೆ ಅವಮಾನವಲ್ಲವೇ? ಅವಮಾನವೇ, ಆಯ್ಕೆಯಿಂದ ಏರಿದವರನ್ನೂ ಗತಿಯಿಲ್ಲದೆ ಇಳಿದವರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ. ಆದರೆ ಈ ಎರಡು ಬಗೆಯವರೂ ಬೇರೆ ಬೇರೆ ಊರಿನಲ್ಲಿಲ್ಲ. ಒಂದೇ ಬೆಟ್ಟದ ಮೇಲೆ, ಒಂದೇ ಹಗ್ಗದಲ್ಲಿದ್ದಾರೆ ಎಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು. ಜಪಾನಿನ ಯುಯಿಚಿರೊ ಮಿಯುರಾ 1970ರಲ್ಲಿ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಎವರೆಸ್ಟಿನ ಸೌತ್ ಕೋಲಿನಿಂದ ಸ್ಕೀ ಮೇಲೆ ಇಳಿದದ್ದು ಸಿನಿಮಾ ಆಯಿತು, ಆಸ್ಕರ್ ಪಡೆಯಿತು. ಅವರು ನಡುವೆ ಮುಗ್ಗರಿಸಿ ಉರುಳಿ, ಹಿಮದ ಬಿರುಕಿನ ಹತ್ತಿರ ಹೇಗೋ ನಿಂತು ಬದುಕಿದರು. ಎಂಬತ್ತರ ವಯಸ್ಸಿನಲ್ಲಿ, 2013ರಲ್ಲಿ, ಮತ್ತೆ ಎವರೆಸ್ಟ್ ಏರಿದರು. ಅವರ ಆ 1970ರ ಯಾತ್ರೆಯಲ್ಲಿ ಖುಂಬು ಐಸ್‌ಫಾಲ್ ಎಂಬ, ಬಿರುಕುಬಿಟ್ಟ ಹಿಮನದಿಯ ಇಳಿಜಾರಿನಲ್ಲಿ ಮಂಜುಗಡ್ಡೆ ಕುಸಿದು ಆರು ಜನ ಶೆರ್ಪಾಗಳು ಸತ್ತಿದ್ದರು. ಇಳಿಯುವ ಮನುಷ್ಯ ಇಳಿಯುವ ಮೊದಲೇ ಆರು ಮನೆಗಳ ದೀಪ ಆರಿತ್ತು. 2014ರ ಏಪ್ರಿಲ್ 18ರಂದು ಅದೇ ಐಸ್‌ಫಾಲಿನಲ್ಲಿ ಹದಿನಾರು ನೇಪಾಳಿ ಕೆಲಸಗಾರರು ಒಂದೇ ಬೆಳಗ್ಗೆ ಸತ್ತರು. ಬೇರೆಯವರು ಹತ್ತಲಿ ಎಂದು ಸಾಮಾನು ಹೊತ್ತು, ದಾರಿ ಸರಿಪಡಿಸುತ್ತಿದ್ದವರು ಅವರು. ಹಸಿದವರ ಕಾಯಕ ಅಲ್ಲೂ ಇತ್ತು. ಆದ್ದರಿಂದ ಸ್ಕೀ ವೃತ್ತಿಯ ಧರ್ಮಾಧರ್ಮದ ಚರ್ಚೆಯನ್ನು ಆ ಕೂಲಿಯಿಂದ ಆರಂಭಿಸಬೇಕೇ ಹೊರತು ಜಾರುವವರ ಅಂತರಂಗದ ಅನುಭವದಿಂದಲ್ಲ.

ನಮ್ಮ ಪೂರ್ವಿಕರು ಸಾವಿಗೆ ಮರ್ಯಾದೆ ಕೊಟ್ಟ ರೀತಿಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಭಾಗದ ಊರುಗಳ ಗುಡಿಯ ಮುಂದೆ, ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಬರಹವಿದ್ದರೆ ಅದು ಹೇಳುವುದು ಆತ ಎಷ್ಟು ಧೈರ್ಯಶಾಲಿ ಎಂಬುದನ್ನಷ್ಟೇ ಅಲ್ಲ, ಯಾತಕ್ಕಾಗಿ ಸತ್ತ ಎಂಬುದನ್ನು: ತುರು ಹಿಡಿದವರಿಂದ ತುರು ಬಿಡಿಸಿ, ಊರು ಕಾಯ್ದು, ಹೆಣ್ಣುಮಕ್ಕಳ ಮಾನ ಉಳಿಸಿ. ಸಾವಿಗೆ ಒಂದು ಕಾರಣ, ಆ ಕಾರಣಕ್ಕೆ ಒಂದು ಊರು ಇರಬೇಕಿತ್ತು. ಇದಕ್ಕೆ ವಿರುದ್ಧದ ಸಾಕ್ಷ್ಯವೂ ಇದೆ, ಮುಚ್ಚಿಡಬಾರದು. ಹೊಯ್ಸಳ ಬಲ್ಲಾಳನ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಗರುಡಗಂಬ ಇಂದಿಗೂ ಹಳೇಬೀಡಿನಲ್ಲಿದೆ. ಒಡೆಯನ ಜೊತೆಗೇ ಸಾಯುವ ಪಣ ತೊಟ್ಟ ಅಂಥ ವೇಳೆವಾಳಿಗಳ ಸಾವಿನಿಂದ ಯಾವ ತುರುವೂ ಮನೆಗೆ ಬರಲಿಲ್ಲ. ಹಾಗಾದರೆ ನಮ್ಮವರೂ ನಿಷ್ಪ್ರಯೋಜಕ ಸಾವನ್ನು ಪೂಜಿಸಲಿಲ್ಲವೇ? ಪೂಜಿಸಿದರು, ಆದರೆ ಅದನ್ನೂ ಋಣದ ಭಾಷೆಯಲ್ಲಿಯೇ ಹೇಳಿದರು. ಅದಕ್ಕೆ ಅವರಿಟ್ಟ ಹೆಸರು ಜೋಳದ ಪಾಳಿ. ಉಂಡ ಜೋಳಕ್ಕೆ ತೀರಿಸಬೇಕಾದ ಋಣ. ಜೋಳ ಬೆಳೆಯುವ, ಜೋಳ ತಿನ್ನುವ ಈ ಸೀಮೆಯಲ್ಲಿ ಆ ಮಾತಿನ ಭಾರ ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೆ ವೃತ್ತಿಪರ ಪರ್ವತ ಸ್ಕೀಯರ್ ಯಾರ ಜೋಳ ಉಣ್ಣುತ್ತಾರೆ? ಮೇಲುನೋಟಕ್ಕೆ ಜಾಕೆಟ್ಟು, ಬೂಟು, ಸ್ಕೀ ಮಾರುವ ಕಂಪನಿಯದು. ಕಂಪನಿ ಹಣ ಕೊಡುತ್ತದೆ, ಇವರು ಅದರ ಗುರುತನ್ನು ಎದೆಯ ಮೇಲೆ ಧರಿಸಿ ಚಿತ್ರ ಕಳಿಸುತ್ತಾರೆ. ಹಣ ಪಡೆದರೆ ಪಾವಿತ್ರ್ಯ ಹೋಯಿತು ಎಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಪೈಕಿಯಲ್ಲ. ಪೂಜಾರಿಗೂ ದಕ್ಷಿಣೆ ಇದೆ, ಗೊರವಯ್ಯನಿಗೂ ಕಾಣಿಕೆ ಇದೆ. ಕಾಯಕ ಕೂಲಿಯನ್ನು ಎಂದೂ ಬೇಡವೆನ್ನಲಿಲ್ಲ, ಅತಿಯನ್ನು ಬೇಡವೆಂದಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿಸಿ ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲೆ ಲಕ್ಕಮ್ಮನ ಆ ಮಾತಿಗೆ ಸಮನಾದದ್ದು ‘ಇವತ್ತು ಸಾಕು, ಹಿಂದಿರುಗೋಣ’ ಎಂಬ ತೀರ್ಮಾನ. ಕಂಪನಿಯ ಜೋಳ ಅಪಾಯಕಾರಿಯಾಗುವುದು ಅದು ಈ ತೀರ್ಮಾನದ ಮೇಲೆ ಭಾರ ಹಾಕಿದಾಗ. ಕ್ಯಾಮೆರಾ ಕಾಯುತ್ತಿದೆ, ಮುಂದಿನ ವರ್ಷದ ಕರಾರು ಕಾಯುತ್ತಿದೆ ಎಂಬ ಕಾರಣಕ್ಕೆ ಒಬ್ಬರು ಕೆಟ್ಟ ಹಿಮದ ಮೇಲೆ ಕಾಲಿಟ್ಟಾಗ. ಅದಕ್ಕಿಂತ ಹೆಚ್ಚಾಗಿ, ಬೆಟ್ಟದ ಮೇಲೆ ನಿಜವಾಗಿ ಉಂಡ ಅನ್ನ, ಕುಡಿದ ನೀರು, ಹಿಡಿದ ಹಗ್ಗ ಬಹುಪಾಲು ಬಂದದ್ದು ಇನ್ನೊಬ್ಬರ ಹೆಗಲ ಮೇಲೆ. ಜೋಳದ ಪಾಳಿ ಸಲ್ಲಬೇಕಾದದ್ದು ಆ ಹೆಗಲಿಗೆ.

ಇನ್ನು ಬೆಟ್ಟವೇ ದೇವರೆಂಬ ಮಾತು. ದೇವರ ತಲೆಯ ಮೇಲೆ ಕಾಲಿಡುವುದು ಅಪಚಾರ ಎನ್ನುವವರಿಗೆ ಇತಿಹಾಸದಲ್ಲಿ ಆಧಾರಗಳಿವೆ. ಕೈಲಾಸವನ್ನು ಇಂದಿಗೂ ಯಾರೂ ಏರಿಲ್ಲ. 1955ರಲ್ಲಿ ಕಾಂಚನಜುಂಗಾ ಮೊದಲ ಬಾರಿ ಏರಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್, ಸಿಕ್ಕಿಮಿನ ದೊರೆಗೆ ಕೊಟ್ಟ ಮಾತಿನಂತೆ ತುತ್ತತುದಿ ಮುಟ್ಟದೆ ಕೆಲವೇ ಅಡಿ ಕೆಳಗೆ ನಿಂತು ಹಿಂದಿರುಗಿದರು. ಆ ನಿಂತ ಜಾಗ ನನಗೆ ಶಿಖರಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1953ರ ಮೇ 29ರಂದು ಎವರೆಸ್ಟಿನ ತುದಿಯಲ್ಲಿ ತೇನ್‌ಸಿಂಗ್ ಹಿಮ ಅಗೆದು ಮಿಠಾಯಿ, ಬಿಸ್ಕತ್ತು ಇಟ್ಟು ದೇವರಿಗೆ ಅರ್ಪಿಸಿದ್ದರು. ಇಂದಿಗೂ ಶೆರ್ಪಾಗಳು ಬೇಸ್ ಕ್ಯಾಂಪಿನಲ್ಲಿ ಕಲ್ಲು ಪೇರಿಸಿ, ಧೂಪ ಹಾಕಿ, ಕೊಡಲಿ ಬೂಟುಗಳನ್ನು ಎದುರಿಗಿಟ್ಟು, ಲಾಮಾ ಪೂಜೆ ಮುಗಿಸುವವರೆಗೆ ಮೇಲೆ ಹೆಜ್ಜೆ ಇಡುವುದಿಲ್ಲ. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮೊದಲು ಭೂಮಿಯ ಕ್ಷಮೆ ಕೇಳುವ ನಮ್ಮ ಅಜ್ಜಿಯರಿಗೂ ಅವರಿಗೂ ವ್ಯತ್ಯಾಸವಿಲ್ಲ. ಕಾಲಿಡದೆ ಬದುಕಲಾಗದು, ಆದ್ದರಿಂದ ಕೇಳಿ ಇಡು. ಉಚ್ಚಂಗಿದುರ್ಗದ ಬೆಟ್ಟವೂ ಅಮ್ಮನದೇ. ಹುಣ್ಣಿಮೆ ಹುಣ್ಣಿಮೆಗೆ ಸಾವಿರಾರು ಜನ ಅದನ್ನು ಹತ್ತುತ್ತಾರೆ, ಹಣ್ಣುಕಾಯಿ ಮಾಡಿಸಿ ಸಂಜೆಗೆ ಇಳಿಯುತ್ತಾರೆ. ಹತ್ತುವುದು ಅಪಚಾರವಾಗಿದ್ದರೆ ಮೆಟ್ಟಿಲು ಕಟ್ಟುತ್ತಿರಲಿಲ್ಲ.

ಆದರೆ ಅದೇ ಉಚ್ಚಂಗಿದುರ್ಗ ನಮಗೆ ಇನ್ನೊಂದು ಪಾಠವನ್ನೂ ಕಲಿಸಿದೆ. ಅಲ್ಲಿ ಅಮ್ಮನ ಹೆಸರಿನಲ್ಲೇ ಬಡವರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಅದು ಪವಿತ್ರವೆಂದು ಹೇಳಿದವರು ಬೆಲೆ ತೆರಲಿಲ್ಲ, ತೆತ್ತವರಿಗೆ ಮಾತು ಇರಲಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಬರಬೇಕಾದದ್ದು ಈ ಕಾರಣಕ್ಕೆ. ‘ಬೆಟ್ಟ ನನ್ನ ದೇಗುಲ, ಇಳಿಯುವುದು ನನ್ನ ಧ್ಯಾನ’ ಎಂಬ ಬಗೆಯ ಮಾತುಗಳನ್ನು ಸಾಹಸಿಗಳ ಸಂದರ್ಶನಗಳಲ್ಲಿ ಓದುವಾಗ ನನಗೆ ಸಂಶಯ ಮೂಡುವುದು ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಧ್ಯಾನ ನಿಜವಿರಬಹುದು. ಪವಿತ್ರ ಎಂಬ ಪದ ಕೂಲಿಯ ಲೆಕ್ಕವನ್ನು ಮುಚ್ಚಿಹಾಕಲು ಬಹಳ ಅನುಕೂಲವಾದ ಪದ ಎಂಬುದಷ್ಟೇ ನನ್ನ ಸಂಶಯ.

ಶೆರ್ಪಾಗಳೇ ಆ ಕೆಲಸ ಬೇಕೆನ್ನುತ್ತಾರಲ್ಲ, ಅದರಿಂದ ಅವರ ಊರುಗಳಲ್ಲಿ ಮನೆ, ಶಾಲೆ ಎದ್ದಿವೆಯಲ್ಲ ಎಂಬ ಕೊನೆಯ ವಾದ ನಿಜ. ಅವರನ್ನು ಕೇವಲ ಬಲಿಪಶುಗಳಂತೆ ಚಿತ್ರಿಸುವುದು ಅವರ ಜಾಣ್ಮೆಗೆ ಮಾಡುವ ಅವಮಾನ. ಇಂದು ನೇಪಾಳದ ಎಷ್ಟೋ ಚಾರಣ ಕಂಪನಿಗಳ ಮಾಲೀಕರು ಅವರೇ. ಆದರೆ ಕೆಲಸ ಒಪ್ಪಿಕೊಂಡರು ಎಂಬಲ್ಲಿಗೆ ಋಣ ತೀರುವುದಾದರೆ ಗಾಲಿಯ ಹತ್ತಿರ ಕೂತವನ ಕಾಲು ಹೋದಾಗ ಊರು ತಿರುಗಿ ನೋಡಬೇಕಾಗಿರಲಿಲ್ಲ. ಋಣ ತೀರುವ ಬಗೆ ಬೇರೆ, ಅದಕ್ಕೂ ದೃಷ್ಟಾಂತವಿದೆ. 2018ರಲ್ಲಿ ಬಾರ್ಗಿಯೆಲ್ ಕೆ2 ಇಳಿಯಲು ದಾರಿ ಹುಡುಕಲೆಂದು ಅವರ ಸಹೋದರ ಬಾರ್ಟೆಕ್ ಡ್ರೋನ್ ತಂದಿದ್ದರು. ಆ ದಿನಗಳಲ್ಲೇ ಪಕ್ಕದ ಬ್ರಾಡ್ ಪೀಕಿನಲ್ಲಿ ರಿಕ್ ಆಲನ್ ಎಂಬ ಸ್ಕಾಟ್ಲೆಂಡಿನ ಆರೋಹಿ ಕಾಣೆಯಾದರು, ಸತ್ತರೆಂದೇ ಎಣಿಸಿದ್ದರು. ಬಾರ್ಟೆಕ್ ತಮ್ಮ ಡ್ರೋನನ್ನು ಅತ್ತ ಹಾರಿಸಿ ಅವರನ್ನು ಪತ್ತೆ ಹಚ್ಚಿದರು, ಅವರು ಬದುಕಿ ಬಂದರು. ಆಲನ್ 2021ರಲ್ಲಿ ಕೆ2 ಮೇಲಿನ ಹಿಮಕುಸಿತದಲ್ಲಿ ತೀರಿಕೊಂಡರು, ಅದು ಬೇರೆ ಮಾತು; ನಡುವಿನ ಮೂರು ವರ್ಷ ಆ ಡ್ರೋನು ಕೊಟ್ಟದ್ದು. ದಾಖಲೆಗಾಗಿ ತಂದ ಉಪಕರಣ ಇನ್ನೊಬ್ಬರ ಪ್ರಾಣಕ್ಕೆ ಒದಗಿತು. ಶರಣರ ಪರಿಭಾಷೆಯಲ್ಲಿ ಇದಕ್ಕೊಂದು ಹೆಸರು ಬೇಕಿದ್ದರೆ ದಾಸೋಹ ಎನ್ನಲು ನಾನು ಹಿಂಜರಿಯುವುದಿಲ್ಲ. ಆ ವರ್ಷದ ಕೆ2 ಇಳಿತ ನನ್ನ ಲೆಕ್ಕದಲ್ಲಿ ಕಾಯಕ. ಮಿಯುರಾ ಅವರ 1970ರ ಇಳಿತ, ಅದರ ಎಲ್ಲ ಧೈರ್ಯದ ನಡುವೆಯೂ, ಅಲ್ಲ.

2022ರ ಸೆಪ್ಟೆಂಬರ್ 26ರಂದು ನೇಪಾಳದ ಮನಾಸ್ಲು ಶಿಖರದಿಂದ ಇಳಿಯುವಾಗ ಹಿಲರಿ ನೆಲ್ಸನ್ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಇಬ್ಬರು ಗಂಡುಮಕ್ಕಳ ತಾಯಿ ಆಕೆ. ಜಗತ್ತಿನ ದೊಡ್ಡ ಪತ್ರಿಕೆಗಳೆಲ್ಲ ಆಕೆಯ ಬದುಕನ್ನು ಪುಟಗಟ್ಟಲೆ ಬರೆದವು, ಬರೆಯಬೇಕಾದದ್ದೇ. ಅದೇ ದಿನ, ಅದೇ ಬೆಟ್ಟದಲ್ಲಿ, ಇನ್ನೊಂದು ಹಿಮಕುಸಿತದಲ್ಲಿ ಸತ್ತ ನೇಪಾಳಿಗನ ಹೆಸರು ಅನುಪ್ ರೈ. ನಮ್ಮ ಊರಿನ, ನಮ್ಮ ಜಿಲ್ಲೆಯ ಹುಡುಗಿಯೋ ಹುಡುಗನೋ ನಾಳೆ ಹಿಮದ ಶಿಖರ ಏರಿ ಬಂದಾಗ ಸನ್ಮಾನ ಖಂಡಿತ ಮಾಡೋಣ, ಮೆರವಣಿಗೆಯನ್ನೂ ಮಾಡೋಣ. ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವ ಮುನ್ನ ಮಾತ್ರ ಆ ಮಗುವನ್ನು ಒಂದು ಮಾತು ಕೇಳಿ: ನಿನ್ನ ಜೊತೆ ಹಗ್ಗ ಹಿಡಿದಿದ್ದವರ ಹೆಸರೇನು? ಆ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ.